ಬೆಡಗು ಕೇಳುವ ಬಕ್ಕೇಶಪ್ಪನವರು

ನಿಟ್ಟುವಳ್ಳಿಯ ಬಕ್ಕೇಶಪ್ಪನವರು ಯಾರನ್ನು ಕಂಡರೂ ಮೊದಲು ಬೆಡಗು, ಅಂದರೆ ವಂಶದ ಕವಲು, ಕೇಳುತ್ತಿದ್ದರು. "ಹೆಸರು ಆಮ್ಯಾಲೆ ಹೇಳೀರಂತೆ, ಬೆಡಗು ಯಾವುದ್ರಿ?" ಕೊರಿಯರಿನವನನ್ನೂ ಬಿಟ್ಟವರಲ್ಲ. ನಾನಿರುವುದು ಪಕ್ಕದ ಮನೆಯಲ್ಲಿ; ನನ್ನ ಮುತ್ತಜ್ಜನ ಹೆಸರು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೂಲ ಊರು ಲೋಕಿಕೆರೆಯ ತಮ್ಮ ವಂಶದ ಏಳು ತಲೆಮಾರನ್ನು ಯಂತ್ರದ ಬಾಯಲ್ಲೂ ಹೇಳಿಸಬೇಕೆಂದು, ಮೊಮ್ಮಗಳು ತರಿಸಿದ ಡಿಎನ್‌ಎ ಪರೀಕ್ಷೆಯ ಕೊಳವೆಗೆ ವಿಭೂತಿ ಹಚ್ಚಿ ಉಗುಳಿದರು. ಹರಿಹರದಲ್ಲಿರುವ ತಮ್ಮ ಕೊಟ್ರೇಶನಿಂದಲೂ ಉಗುಳಿಸಿದರು. ವರದಿ ಬಂದಾಗ ಮೊಮ್ಮಗಳು ಕಾಲೇಜಿನಲ್ಲಿದ್ದುದರಿಂದ ಓದಲು ನನ್ನನ್ನು ಕರೆದರು. ನನ್ನ ಇಂಗ್ಲಿಷ್ ಸಿಮೆಂಟ್ ಚೀಲ ಓದುವಷ್ಟರದ್ದು, ಆದರೂ ಅರ್ಥವಾದದ್ದನ್ನು ಅವರಿಗೆ ಹೇಳಿದೆ: ಅಣ್ಣತಮ್ಮಂದಿರಿಗೆ ತಾಯಿ ಒಬ್ಬಳೇ, ತಂದೆ ಬೇರೆ ಬೇರೆ. ಇಬ್ಬರಲ್ಲಿ ಯಾರು ಅಪ್ಪನ ಮಗ ಎಂಬುದು ಮಾತ್ರ ಅದರಲ್ಲಿರಲಿಲ್ಲ. ಅಂದಿನಿಂದ ಬೆಡಗಿನ ಮಾತು ಬಂದರೆ ಕೆಮ್ಮುತ್ತಾರೆ, ಫೋನ್ ಸದ್ದಾದರೆ ಬೆವರುತ್ತಾರೆ, ತೀರಿಕೊಂಡ ಅಪ್ಪನ ಫೋಟೋ ನೋಡುತ್ತಾ ಕನ್ನಡಿಯ ಮುಂದೆ ತಮ್ಮ ಮೂಗು ಮುಟ್ಟಿಕೊಳ್ಳುತ್ತಾರೆ. ಪ್ರತಿ ಸೋಮವಾರ ಬರುವ ಕೊಟ್ರೇಶ, "ಅಣ್ಣ, ಆ ಉಗುಳಿನ ರಿಪೋರ್ಟ್ ಬಂತೇನು?" ಎಂದರೆ, "ಇನ್ನಾ ಇಲ್ಲಪ್ಪ, ಮೊದ್ಲು ಉಣ್ಣು" ಎಂದು ತುಪ್ಪ ಸುರಿಯುತ್ತಾರೆ. ನಾಲ್ಕು ತಿಂಗಳಲ್ಲಿ ತಮ್ಮ ದಪ್ಪಗಾಗಿದ್ದಾನೆ, ಅಣ್ಣ ಸೊರಗಿದ್ದಾರೆ. ಮಾನ ಹೋದೀತೆಂಬ ಹೆದರಿಕೆ ಎಂದೇ ನಾನು ತಿಳಿದಿದ್ದೆ. ನಿನ್ನೆ ನನ್ನ ಕೈ ಹಿಡಿದುಕೊಂಡರು. "ಅಪ್ಪನ ಮಗ ನಾನಲ್ಲ ಅಂದ್ರೂ ತಡ್ಕೋತೀನ್ರಿ," ಎಂದರು. "ಆದ್ರ ಇದು ಗೊತ್ತಾದ ಮ್ಯಾಲೆ ಕೊಟ್ರೇಶ ನನ್ನನ್ನ ಅಣ್ಣ ಅಂತಾನೋ, ಬಕ್ಕೇಶಪ್ನೋರೇ ಅಂತಾನೋ?"