ಸಾಕು ಅಂದರೆ ಹಾಕು

ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ನಾನು ಶ್ರವಣ ಮತ್ತು ವಾಕ್ ತಜ್ಞೆಯಾಗಿದ್ದ ಕೊನೆಯ ವರ್ಷಗಳ ಮಾತಿದು. ಕೊರೊನಾ ಮುಗಿದಿತ್ತು, ಆದರೆ ಆಸ್ಪತ್ರೆಯೊಳಗೆ ನಾವು ಇನ್ನೂ ಮಾಸ್ಕ್ ಬಿಟ್ಟಿರಲಿಲ್ಲ. ನನ್ನ ಹುದ್ದೆಯ ಹೆಸರು ಉದ್ದ, ಕೆಲಸ ಎರಡೇ: ಕಿವಿ ಎಷ್ಟು ಕೇಳುತ್ತದೆ ಎಂದು ಅಳೆಯುವುದು, ಮಾತು ಅಥವಾ ದನಿ ಕೆಟ್ಟವರಿಗೆ ಅದನ್ನು ಸರಿಪಡಿಸಿಕೊಳ್ಳುವ ಅಭ್ಯಾಸ ಕಲಿಸುವುದು. ಗಂಟಲಿಗೆ ಆಪರೇಷನ್ ಮಾಡುವವರು ಡಾಕ್ಟರು. ಆಪರೇಷನ್ ಬೇಡವಾಗುವಂತೆ ನೋಡಿಕೊಳ್ಳುವವಳು ನಾನು. ಇಬ್ಬರ ನಡುವೆ ಇದರಲ್ಲಿ ಸಣ್ಣ ಪೈಪೋಟಿ ಇತ್ತೆಂದರೆ ತಪ್ಪಾಗದು.

ದನಿ ಕಳೆದುಕೊಂಡು ಬರುವವರಲ್ಲಿ ಶಾಲಾ ಶಿಕ್ಷಕರೇ ಹೆಚ್ಚು. ಆಮೇಲೆ ಸಂತೆಯ ವ್ಯಾಪಾರಿಗಳು, ಭಜನಾ ಮಂಡಳಿಯವರು, ಚುನಾವಣೆ ಬಂತೆಂದರೆ ಭಾಷಣಕಾರರು. ಹೀಗಾಗಿ ಹುನಗುಂದದ ಸಂಗಮೇಶ ಎಂಬ ಯುವಕನ ಕೇಸ್ ಪೇಪರಿನಲ್ಲಿ ‘ಬ್ಯಾಂಡ್’ ಎಂದು ಬರೆದಿದ್ದನ್ನು ನೋಡಿ, ಮದುವೆ ಮೆರವಣಿಗೆಯ ಬ್ಯಾಂಡ್ ಇರಬೇಕೆಂದು ತಿಳಿದೆ. ಕ್ಲಾರಿಯೊನೆಟ್ ಊದುತ್ತೀಯೋ ಟ್ರಂಪೆಟ್ಟೋ ಎಂದು ಕೇಳಿದೆ. ಅವನು ಸಂಕೋಚದಿಂದ ನಕ್ಕ. ಹರಿದ ಬಟ್ಟೆಯಂಥ ದನಿ ಅವನದು.

“ಊದಂಗಿಲ್ರಿ ಮೇಡಂ. ಒದರ್ತೇನಿ.”

ಅವನು ವಿವರಿಸಿದ್ದು ಇಷ್ಟು. ‘ರಂಜಕ’ ಎಂಬುದು ಅವರ ಆಲ್ಟರ್ನೇಟಿವ್ ಮೆಟಲ್ ಬ್ಯಾಂಡ್. ಮೆಟಲ್ ಎಂದರೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಮು, ಸಿಟ್ಟು. ಅದಕ್ಕೆ ತಮ್ಮ ಊರಿನ ಧಾಟಿ, ತಮ್ಮ ಮಾತು, ಕೈಗೆ ಸಿಕ್ಕ ಬೇರೆ ಸಂಗೀತಗಳನ್ನೆಲ್ಲ ಬೆರೆಸಿದರೆ ಆಲ್ಟರ್ನೇಟಿವ್. ಹಾಡುಗಾರ ಹೊಟ್ಟೆಯಾಳದಿಂದ ಗುಡುಗುವ ಹಾಗೆ ಗುರುಗುಟ್ಟುತ್ತಾನೆ, ಅದನ್ನು ಗ್ರೌಲ್ ಎನ್ನುತ್ತಾರೆ. ರೊಟ್ಟಿಯ ಜೊತೆ ತಿನ್ನುವ ಕೆಂಪು ಖಾರದ ಹೆಸರನ್ನು ಬ್ಯಾಂಡಿಗೆ ಇಟ್ಟುಕೊಂಡವನಿಗೆ, ನಾನು ಮೊದಲು ಬರೆದುಕೊಟ್ಟ ಪಥ್ಯವೇ ರಾತ್ರಿ ರಂಜಕ ತಿನ್ನಬಾರದೆಂದು. ಅವನು ಅದನ್ನೂ ನಗುತ್ತಲೇ ಒಪ್ಪಿಕೊಂಡ.

ಆದರೆ ನಗುವಂಥ ಸ್ಥಿತಿ ಅವನದಾಗಿರಲಿಲ್ಲ. ಡಾಕ್ಟರು ಎಂಡೋಸ್ಕೋಪ್ ಇಳಿಸಿ ನೋಡಿದಾಗ ಎರಡೂ ಧ್ವನಿತಂತುಗಳ ಮೇಲೆ ಸಣ್ಣ ಗಂಟುಗಳಿದ್ದವು. ಇವಕ್ಕೆ ವೋಕಲ್ ನಾಡ್ಯೂಲ್ ಎನ್ನುತ್ತೇವೆ. ಸನಿಕೆ ಹಿಡಿದು ಅಂಗೈ ಜಡ್ಡುಗಟ್ಟುವ ಹಾಗೆ, ಎಳೆದೆಳೆದು ಕೂಗಿದರೆ ತಂತುಗಳೂ ಜಡ್ಡುಗಟ್ಟುತ್ತವೆ. ಮೂರು ತಿಂಗಳಲ್ಲಿ ಕರಗದಿದ್ದರೆ ಆಪರೇಷನ್, ಆಮೇಲೆ ದನಿ ಮೊದಲಿನಂತೆಯೇ ಬರುತ್ತದೆ ಎಂಬ ಭರವಸೆ ಕೊಡಲಾಗದು, ಒದರುವುದನ್ನಂತೂ ಇವತ್ತೇ ಬಿಟ್ಟುಬಿಡು ಎಂದು ಡಾಕ್ಟರು ಹೇಳಿ ಕಳಿಸಿದ್ದರು. ಸಂಗಮೇಶ ಹುನಗುಂದದ ಔಷಧ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ನನ್ನ ಮುಂದೆ ಕುಳಿತು ತನ್ನ ಕೈಗಳನ್ನೇ ನೋಡಿಕೊಳ್ಳುತ್ತ ಹೇಳಿದ:

“ವಾರದಾಗ ಒಂದ ದಿನ ನಾ ಹಾಡಾಂವ ಇರ್ತೇನ್ರಿ. ಅದೂ ಹೋದ್ರ ಏಳೂ ದಿನ ಗುಳಿಗಿ ಕೊಡೋ ಸಂಗು ಆಗ್ತೇನಿ.”

ಇದಕ್ಕೆ ಔಷಧ ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಹಾಡುವುದನ್ನು ಬಿಡು ಎನ್ನುವ ಮೊದಲು ಅದು ಏನೆಂದು ನೋಡಬೇಕಲ್ಲ? ಇಲ್ಲಿಯೇ ಒಮ್ಮೆ ಗುರುಗುಟ್ಟು, ಕೇಳೋಣ ಎಂದೆ. ಅವನು ಎದ್ದು ನಿಂತು, ಹೊಟ್ಟೆಗೆ ಉಸಿರು ತುಂಬಿಕೊಂಡು ಬಾಯಿ ತೆರೆದ. ಮೇಜಿನ ಮೇಲಿನ ಚಹಾ ಕಪ್ಪು ನಡುಗಿತು. ಹೊರಗೆ ಬೆಂಚಿನ ಮೇಲೆ ಸರದಿಗೆ ಕಾಯುತ್ತಿದ್ದ ಇಬ್ಬರು ಎದ್ದು ಮನೆಗೆ ಹೋದರೆಂದು ಆಮೇಲೆ ಗೊತ್ತಾಯಿತು. ಒಬ್ಬ ಅಜ್ಜಿ ಮಾತ್ರ ಬಾಗಿಲು ಸರಿಸಿ ಇಣುಕಿ, ಹಲ್ಲು ಕೀಳುವವರು ಇಲ್ಲಿಯೂ ಕುಳಿತಿದ್ದಾರೆಯೇ ಎಂದು ವಿಚಾರಿಸಿದರು.

ನನಗೆ ಆಶ್ಚರ್ಯವಾದದ್ದು ಬೇರೆ ಕಾರಣಕ್ಕೆ. ಗ್ರೌಲ್ ಮುಗಿದ ಮೇಲೆ ಅವನ ಮಾತಿನ ದನಿ ಮೊದಲು ಎಷ್ಟು ಕೆಟ್ಟಿತ್ತೋ ಅಷ್ಟೇ ಕೆಟ್ಟಿತ್ತು. ಕೂದಲೆಳೆಯಷ್ಟೂ ಹೆಚ್ಚಿಗೆ ಕೆಟ್ಟಿರಲಿಲ್ಲ. ಕತ್ತಿನ ನರ ಉಬ್ಬಿರಲಿಲ್ಲ, ಗಂಟಲು ಬಿಗಿದಿರಲಿಲ್ಲ. ನಿಜವಾದ ಧ್ವನಿತಂತುಗಳ ಮೇಲ್ಗಡೆ ಇನ್ನೊಂದು ಜೊತೆ ಮಡಿಕೆಗಳಿವೆ, ಅವುಗಳಿಗೆ ಫಾಲ್ಸ್ ಕಾರ್ಡ್ ಎಂದು ಹೆಸರು. ಹುಡುಗ ವಿಡಿಯೊ ನೋಡಿ ನೋಡಿ ಅವುಗಳಿಂದಲೇ ಸದ್ದು ಹೊರಡಿಸುವುದನ್ನು ಕಲಿತಿದ್ದ. ಅಂದಮೇಲೆ ಗಂಟು ತಂದವನು ಈ ರಾಕ್ಷಸನಲ್ಲ, ಕಳ್ಳ ಬೇರೆ ಎಲ್ಲೋ ಇದ್ದಾನೆ ಎನಿಸಿತು.

ಮುಂದಿನ ಸಲ ಬ್ಯಾಂಡಿನ ಗಿಟಾರು ನುಡಿಸುವ ಅಕ್ಷತಾ ಜೊತೆಗೆ ಬಂದಳು. ಬಾಗಲಕೋಟೆಯದೇ ವಿದ್ಯಾಗಿರಿ ಬಡಾವಣೆಯ ಹುಡುಗಿ, ಕಾಲೇಜೊಂದರಲ್ಲಿ ಲ್ಯಾಬ್ ನೋಡಿಕೊಳ್ಳುತ್ತಿದ್ದಳು. ಹಾಡು ಬರೆಯುವವಳೂ ಅವಳೇ. ಸಂಗು ಮುಚ್ಚಿಟ್ಟಿದ್ದನ್ನೆಲ್ಲ ಅವಳು ಬಿಚ್ಚಿಟ್ಟಳು. ಬ್ಯಾಂಡಿನಲ್ಲಿ ಇರುವವರು ಮೂವರು. ಮೂರನೆಯವನು ಇಲಕಲ್ಲಿನ ದಾವಲ್, ಡ್ರಮ್ಮರ್, ಗ್ರಾನೈಟ್ ಕೊಯ್ಯುವ ಕಾರ್ಖಾನೆಯಲ್ಲಿ ಮಶಿನ್ ಮೇಲೆ ಇರುತ್ತಾನೆ. ಬ್ಯಾಂಡ್ ಹುಟ್ಟಿದಾಗಿನಿಂದ ಮೂರು ಸಲ ಒಡೆದಿತ್ತು. ಪ್ರತಿ ಸಲವೂ ಸಂಗು ಮತ್ತು ದಾವಲ್ ಜಗಳವಾಡುವುದು, ಅಕ್ಷತಾ ಇಬ್ಬರನ್ನೂ ಅಮೀನಗಡಕ್ಕೆ ಕರೆಸಿ ಕರದಂಟು ತಿನ್ನಿಸಿ ರಾಜಿ ಮಾಡಿಸುವುದು. “ನಮ್ಮ ಬ್ಯಾಂಡ್ ನಡದದ್ದ ಕರದಂಟಿನ ಮ್ಯಾಲ್ರಿ” ಎಂದಳು.

ದೊಡ್ಡ ಜಗಳ ಬಾದಾಮಿಯಲ್ಲಿ ಆಗಿತ್ತು. ಯುವಕ ಮಂಡಳವೊಂದರ ಕಾರ್ಯಕ್ರಮ. ಇವರ ಹಾಡಿನ ನಡುವೆಯೇ ಮುಖ್ಯ ಅತಿಥಿಗಳು ಬಂದುಬಿಟ್ಟರು. ನಿಲ್ಲಿಸಿ ಎಂದು ಸಂಘಟಕರು ಸನ್ನೆ ಮಾಡಿದರು. ಸಂಗು ಹಿಂದೆ ತಿರುಗಿ “ಸಾಕಲೇ, ಸಾಕು!” ಎಂದು ಕೂಗಿದ. ದಾವಲ್ ನಿಲ್ಲಿಸುವ ಬದಲು ಎರಡು ಪಟ್ಟು ಜೋರಾಗಿ ಬಾರಿಸಿದ. ಸಂಗು ಮತ್ತೆ ಕೂಗಿದ, ದಾವಲ್ ಮತ್ತೂ ಏರಿಸಿದ. ಅತಿಥಿಗಳು ಕೊರಳಲ್ಲಿ ಹಾರ ಹಾಕಿಕೊಂಡು, ಕಿವಿಯಲ್ಲಿ ಬೆರಳಿಟ್ಟುಕೊಂಡು ನಿಂತೇ ಇದ್ದರು. ಕೊನೆಗೆ ಸಂಗು ಮೈಕ್ ಎಸೆದು ವೇದಿಕೆ ಇಳಿದು ಹೋದ. ಮಂದಿಯ ಮುಂದೆ ಬೇಕೆಂದೇ ನನ್ನ ಮರ್ಯಾದೆ ಕಳೆದ ಎಂದು ಇವನು. ಹೇಳಿದ್ದನ್ನೇ ಮಾಡಿದರೂ ಬೈಯುತ್ತಾನೆ ಎಂದು ಅವನು. ಈಗ ಮತ್ತೆ ಬ್ಯಾಂಡ್ ಒಡೆಯುವ ಮಾತು ಬಂದಿತ್ತು: ವಿದ್ಯಾಗಿರಿಯ ಒಂದು ಕಾಲೇಜಿನ ಉತ್ಸವದಲ್ಲಿ ನುಡಿಸಿ, ಆಮೇಲೆ ತಾನು ಬಿಡುವವನೇ ಎಂದು ದಾವಲ್ ಹೇಳಿಬಿಟ್ಟಿದ್ದ.

“ಅಂವಾ ಹೇಳಿದ ಮಾತು ಕೇಳಂಗಿಲ್ರಿ” ಎಂದ ಸಂಗು. ಹಾಗೆ ಹೇಳುವಾಗಲೇ ಅವನ ಕತ್ತಿನ ನರ ಉಬ್ಬಿತು. ಗುರುಗುಟ್ಟುವಾಗ ಉಬ್ಬದ ನರ ಈಗ ಯಾಕೆ ಉಬ್ಬಿತೆಂದು ನಾನು ಯೋಚನೆಗೆ ಬಿದ್ದೆ.

ರೋಗಿಯ ದನಿಯನ್ನು ಅದು ದುಡಿಯುವ ಜಾಗದಲ್ಲೇ ನೋಡಬೇಕು ಎನ್ನುವುದು ನನ್ನ ಹಟ. ಇಲಕಲ್ಲಿನಲ್ಲಿ ನನ್ನ ತಂಗಿಯ ಮನೆ ಇತ್ತು. ಒಂದು ರಜೆಯ ದಿನ ಅವಳನ್ನು ನೋಡುವ ನೆಪದಲ್ಲಿ ಬಸ್ ಹತ್ತಿದೆ. ಕಾರ್ಖಾನೆಯ ಮಾಲೀಕರು ವಾರದ ರಜೆಯಲ್ಲಿ ಶೆಡ್ಡನ್ನು ಈ ಹುಡುಗರಿಗೆ ಬಿಟ್ಟುಕೊಡುತ್ತಿದ್ದರು. ಸುತ್ತಲೂ ಪಾಲಿಶ್ ಆದ ಕೆಂಪು ಗ್ರಾನೈಟ್ ಹಲಗೆಗಳು, ನಡುವೆ ಡ್ರಮ್ಮು. ದಾವಲ್ ಗಟ್ಟಿ ರಟ್ಟೆಯ, ಮೆದು ಮುಖದ ಹುಡುಗ. ನನಗೆ ಕುರ್ಚಿ ಒರೆಸಿ ಕೊಟ್ಟು, ಚಹಾ ತರಿಸಿ, ಆಮೇಲೆಯೇ ಕೋಲು ಹಿಡಿದ. ಶುರುವಾದದ್ದೇ ತಡ, ನನ್ನ ಎದೆಗೂಡಿನಲ್ಲಿ ಯಾರೋ ಮಂಚ ಸರಿಸಿದಂತಾಯಿತು. ಸುಳ್ಳು ಯಾಕೆ ಹೇಳಲಿ, ಎರಡನೆಯ ಹಾಡಿಗೆ ನನ್ನ ಕಾಲು ತಾನಾಗಿಯೇ ತಾಳ ಹಾಕುತ್ತಿತ್ತು.

ಹಾಡಿನಲ್ಲಿ ಸಂಗುವಿನ ಗಂಟಲು ಸುರಕ್ಷಿತವಾಗಿತ್ತು. ಕೆಡುತ್ತಿದ್ದುದು ಹಾಡು ಮತ್ತು ಹಾಡಿನ ನಡುವೆ. ನಿಧಾನ ಮಾಡು, ಇನ್ನೊಮ್ಮೆ ತಗೋ, ಅಲ್ಲಿ ಬಿಡು ಎಂದು ಅವನು ಡ್ರಮ್ಮಿನ ಸದ್ದಿನ ಮೇಲೆ ಬರಿಗಂಟಲಿನಲ್ಲಿ ಕಿರಿಚುತ್ತಿದ್ದ. ಒಂದು ಸಲ ಹೇಳಿದ್ದು ಮುಟ್ಟದೆ ಮೂರು ಸಲ, ನಾಲ್ಕು ಸಲ. ದಾವಲ್ ಮಾತ್ರ ಅಕ್ಷತಾಳ ಕೈ ನೋಡಿಯೇ ನಿಲ್ಲುತ್ತಿದ್ದ, ನಡೆಯುತ್ತಿದ್ದ. ನಾನು ಕಂಡದ್ದನ್ನು ಅಲ್ಲಿ ಬಾಯಿಬಿಡಲಿಲ್ಲ. ಹೊರಡುವಾಗ ದಾವಲ್‌ಗೆ ಆಸ್ಪತ್ರೆಗೆ ಬಾ ಎಂದೆ. ತನಗೇನೂ ಆಗಿಲ್ಲವಲ್ಲ ಎಂದು ಅವನು ನಕ್ಕುಬಿಟ್ಟ.

ಹೇಗಾದರೂ ಅವನನ್ನು ಕಳಿಸು ಎಂದು ನಾನು ಫೋನ್ ಮಾಡಿದ್ದಕ್ಕೆ ಅಕ್ಷತಾಳೇ ಉಪಾಯ ಹೂಡಿದಳು. ಸಂಗುವಿಗೆ ನಾನು ಒಂದು ವಾರ ಪೂರ್ತಿ ಮೌನ ವಿಧಿಸಿದ್ದೆ. ಮಾತಾಡಲಾಗದವನ ಪರವಾಗಿ ಮೇಡಂ ಹತ್ತಿರ ಮಾತಾಡಲು ಒಬ್ಬರು ಬೇಕು, ತನಗೆ ಕಾಲೇಜು ಇದೆ, ನೀನೇ ಹೋಗು ಎಂದು ದಾವಲ್‌ನನ್ನು ಒಪ್ಪಿಸಿದಳು. ಮುನಿಸು ಮುನಿಸೇ, ಗೆಳೆತನ ಗೆಳೆತನವೇ. ಅವನು ಅರ್ಧ ದಿನದ ಪಗಾರ ಬಿಟ್ಟು ಬಂದ.

ನಾನು ಮಾಸ್ಕ್ ಹಾಕಿಕೊಂಡೇ ಎರಡು ಪ್ರಶ್ನೆ ಕೇಳಿದೆ. ದಾವಲ್ ಉತ್ತರ ಕೊಡದೆ ಸಂಗುವಿನ ಮುಖ ನೋಡಿದ. ಮಾತಾಡಬಾರದ ಸಂಗು ಕೈಬಾಯಿ ಸನ್ನೆ ಮಾಡಿ ಪ್ರಶ್ನೆಯನ್ನು ಅವನಿಗೆ ಮುಟ್ಟಿಸಿದ. ವಕೀಲನಿಗೆ ಕಕ್ಷಿದಾರನೇ ವಕೀಲಿ ಮಾಡುತ್ತಿದ್ದ. ಮಾಸ್ಕ್ ಕೆಳಗಿಳಿಸಿ ಅದೇ ಪ್ರಶ್ನೆಗಳನ್ನು ಅದೇ ದನಿಯಲ್ಲಿ ಕೇಳಿದೆ. ದಾವಲ್ ಪಟಪಟನೆ ಉತ್ತರಿಸಿದ. ನನಗೆ ಇನ್ನೇನೂ ಬೇಕಾಗಿರಲಿಲ್ಲ. ಬಂದದ್ದು ಬಂದೀ, ಕಿವಿಯನ್ನೂ ತೋರಿಸಿ ಹೋಗು ಎಂದು ಸದ್ದು ಹೊಗದ ಕೋಣೆಯಲ್ಲಿ ಕೂರಿಸಿ ಹೆಡ್‌ಫೋನ್ ಹಾಕಿದೆ. ಗಾಜಿನ ಈಚೆ ನಾನು, ನನ್ನ ಪಕ್ಕದಲ್ಲಿ ಸಂಗು.

ಮೊದಲ ಪರೀಕ್ಷೆಯಲ್ಲಿ ದಪ್ಪ ಸದ್ದುಗಳೆಲ್ಲ ಅವನಿಗೆ ಚೆನ್ನಾಗಿ ಕೇಳಿಸಿದವು. ತೆಳ್ಳನೆಯ, ಚೂಪು ಸದ್ದಿಗೆ ಬಂದಾಗ ಕೇಳ್ಮೆ ಗುಂಡಿಗೆ ಬಿದ್ದಂತೆ ಕುಸಿಯಿತು. ವರ್ಷಗಟ್ಟಲೆ ಕಲ್ಲು ಕೊಯ್ಯುವ ಮಶಿನ್ನಿನ ಪಕ್ಕ ನಿಂತವರಲ್ಲಿ ಹೀಗೆಯೇ ಆಗುತ್ತದೆ. ಮಾತು ಕೇಳುತ್ತದೆ, ಆದರೆ ಸ, ಶ, ತ ಮುಂತಾದ ಚೂಪು ಅಕ್ಷರಗಳು ಉದುರಿಹೋಗುತ್ತವೆ. ಮುಂದಿನದು ಪದಗಳ ಪರೀಕ್ಷೆ: ನಾನು ತುಟಿ ಕಾಣದಂತೆ ಮಾಸ್ಕ್ ಏರಿಸಿಕೊಂಡು ಮೆಲ್ಲಗೆ ಒಂದು ಪದ ಹೇಳುತ್ತೇನೆ, ಅವನು ಕೇಳಿಸಿದ್ದನ್ನು ತಿರುಗಿ ಹೇಳಬೇಕು. ಮನೆ ಎಂದೆ, ಮನೆ ಎಂದ. ಬಳೆ ಎಂದೆ, ಬಳೆ ಎಂದ. ಸೀರೆ ಎಂದೆ. ಇಲಕಲ್ಲಿನಲ್ಲಿ ಹುಟ್ಟಿದ ಹುಡುಗ “ಹೀರೆ” ಎಂದ. ಸಂಗು ಸದ್ದಿಲ್ಲದೆ ನಕ್ಕ.

“ಸಾಕು” ಎಂದೆ.

“ಹಾಕು” ಎಂದ ದಾವಲ್.

ಪಕ್ಕದಲ್ಲಿ ಕುರ್ಚಿ ಬಿದ್ದ ಸದ್ದಾಯಿತು. ಸಂಗು ಎದ್ದು ನಿಂತಿದ್ದ. ಬಾಯಿ ತೆರೆಯಲು ಹೋದವನಿಗೆ ನಾನು ಬೆರಳೆತ್ತಿ ತೋರಿಸಿದೆ. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡ. ಇನ್ನೊಮ್ಮೆ “ಸಾಕು” ಎಂದೆ. ಇನ್ನೊಮ್ಮೆ “ಹಾಕು” ಎಂದ, ಈ ಸಲ ಇನ್ನೂ ಖಾತ್ರಿಯಾಗಿ. ಸಂಗುವಿನ ಭುಜಗಳು ಕುಲುಕುತ್ತಿದ್ದವು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹೇಳುವುದು ಕಷ್ಟವಿತ್ತು, ಕಣ್ಣಲ್ಲಂತೂ ನೀರಿತ್ತು. ಅವನು ಬಾಗಿಲು ತಳ್ಳಿಕೊಂಡು ಒಳಗೆ ಹೋಗಿ, ಹೆಡ್‌ಫೋನ್ ಸಮೇತ ದಾವಲ್‌ನನ್ನು ತಬ್ಬಿಕೊಂಡುಬಿಟ್ಟ.

ತಾನೇನು ತಪ್ಪು ಹೇಳಿದೆನೆಂದು ದಾವಲ್‌ಗೆ ಗಾಬರಿ. ಅವನ ಎದುರು ಕುಳಿತು, ಮುಖ ಕಾಣುವಂತೆ, ಎಲ್ಲವನ್ನೂ ಬಿಡಿಸಿ ಹೇಳಿದೆ. ನನ್ನ ತುಟಿಯಿಂದ ಕಣ್ಣು ಕೀಳದೆ ಅವನು ಎಲ್ಲವನ್ನೂ ಕೇಳಿಕೊಂಡ. ಆಮೇಲೆ ಸಂಗುವಿನ ಕಡೆ ತಿರುಗಿದ.

“ಬದಾಮ್ಯಾಗ ನೀ ಸಾಕು ಅಂದಿದ್ದೇನಲೇ? ನೀ ಭಾಳ ಹುರುಪಿಗೆ ಬಂದಿ ಅಂತ ತಿಳದಿದ್ನಿ ನಾ. ನಿನ್ನ ಸಲುವಾಗಿ ಕೈ ಬೀಳೂತನಕ ಬಾರಿಸಿದ್ನಲ್ಲೋ.”

ನನ್ನ ವೃತ್ತಿಯಲ್ಲಿ ಬಹಳ ಜನರ ಕಣ್ಣೀರು ಕಂಡಿದ್ದೇನೆ, ನನ್ನದನ್ನು ಕಂಡದ್ದು ಕಡಿಮೆ. ಅವತ್ತು ಮಾಸ್ಕ್ ಮೇಲಕ್ಕೆ ಎಳೆದುಕೊಂಡೆ.

ಹೋದ ಕೇಳ್ಮೆ ತಿರುಗಿ ಬರುತ್ತದೆಯೇ ಎಂದು ದಾವಲ್ ಕೇಳಿದ. ಬರುವುದಿಲ್ಲ, ಇದ್ದದ್ದನ್ನು ಉಳಿಸಿಕೊಳ್ಳಬಹುದು ಎಂದು ನಿಜವನ್ನೇ ಹೇಳಿದೆ. ಅವನ ಮುಖ ಬಾಡಿತು. ಆದರೆ ಹೆಚ್ಚು ಹೊತ್ತು ಬಾಡಿರುವ ಜಾಯಮಾನ ಅವನದಲ್ಲ. “ಮಗಾ ಹೇಳಿದ ಮಾತು ಕೇಳಂಗಿಲ್ಲ ಅಂತ ಮನ್ಯಾಗ ಅಮ್ಮಾ ದಿನಾ ಬೈತಾಳ್ರಿ. ಅದನ್ನ ಒಂದ ಚೀಟಿ ಮ್ಯಾಲ ಬರದು ಸಿಕ್ಕಾ ಒತ್ತಿ ಕೊಡ್ರಿ” ಎಂದ.

ಮುಂದಿನ ಕೆಲಸ ಸುಲಭವಿತ್ತು, ಖುಷಿಯದೂ ಆಗಿತ್ತು. ಕಾರ್ಖಾನೆಯಲ್ಲಿ ದಾವಲ್ ಕಿವಿ ಮುಚ್ಚುವ ಇಯರ್ ಮಫ್ ಹಾಕಿಕೊಳ್ಳತೊಡಗಿದ. ಮನೆಗೆ, ಸಂತೆಗೆ ಶ್ರವಣ ಸಾಧನ ಬಂತು. ಡ್ರಮ್ಮಿನ ಮುಂದೆ ಕೂತಾಗ ಹೊರಗಿನ ಸದ್ದು ತಡೆಯುವ ಹೆಡ್‌ಫೋನ್. ಅದಕ್ಕೆ ಸಂಗುವಿನ ಬಳಿಯ ಸಣ್ಣ ಮೈಕಿನಿಂದ ಅಕ್ಷತಾ ವೈರ್ ಎಳೆದುಕೊಟ್ಟಳು. ಕಿರಿಚುವುದೇ ಬೇಕಾಗಿಲ್ಲ, ಪಿಸುಗುಟ್ಟಲೂ ಬೇಡ, ಮಾಮೂಲಿ ಮಾತಾಡಿದರೆ ಸಾಕು. ಆದರೂ ನಿಲ್ಲಿಸುವುದಕ್ಕೆ ‘ಸಾಕು’ ಎನ್ನಕೂಡದೆಂದು ತಾಕೀತು ಮಾಡಿದೆ. ಬದಲಿಗೆ ‘ಬಂದ್’. ಬ, ನ, ದ ಮೂರೂ ದಪ್ಪ ಸದ್ದುಗಳು, ದಾವಲ್‌ನ ಕಿವಿಯಿಂದ ಉದುರುವುದಿಲ್ಲ. ಸಂಗು ದಿನವೂ ನಾನು ಹೇಳಿಕೊಟ್ಟ ದನಿಯ ಅಭ್ಯಾಸ ಮಾಡಿದ, ರಂಜಕ ಬಿಟ್ಟ, ಅಂದರೆ ತಟ್ಟೆಯಲ್ಲಿನದನ್ನು. ಮೂರನೆಯ ತಿಂಗಳಿಗೆ ಡಾಕ್ಟರು ಎಂಡೋಸ್ಕೋಪ್ ಇಳಿಸಿ ನೋಡಿ, ಗಂಟು ಎಲ್ಲಿ ಎಂದು ನನ್ನನ್ನೇ ಕೇಳಿದರು. ಆ ಪೈಪೋಟಿಯಲ್ಲಿ ನಾನು ಗೆದ್ದ ದಿನಗಳಲ್ಲಿ ಅದೊಂದು.

ಕಾಲೇಜಿನ ಉತ್ಸವಕ್ಕೆ ಡಾಕ್ಟರನ್ನೂ ಎಳೆದುಕೊಂಡು ಹೋದೆ. ಇಬ್ಬರೂ ಕಿವಿಗೆ ಹತ್ತಿ ತುಂಬಿಕೊಂಡು ಮುಂದಿನ ಸಾಲಿನಲ್ಲಿ ಕುಳಿತೆವು. ಹುನಗುಂದದ ಬಸ್ಸಿಗೆ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವವರ ಮೇಲೆ ಅಕ್ಷತಾ ಒಂದು ಹಾಡು ಬರೆದಿದ್ದಳು. ಸಂಗು ಆ ಟವೆಲ್ಲಿನ ಮೇಲೆ ಗುಡುಗಿದ ರೀತಿಗೆ, ನಿಂತುಕೊಂಡೇ ಪ್ರಯಾಣ ಮಾಡಿದ ಹುಡುಗರೆಲ್ಲ ಕುರ್ಚಿ ಬಿಟ್ಟೆದ್ದರು. ಹಾಡು ತಾರಕದಲ್ಲಿದ್ದಾಗ ಸಂಗು ಆ ಸಣ್ಣ ಮೈಕಿಗೆ ಒಂದೇ ಮಾತು ಹೇಳಿದ್ದು ಕಂಡಿತು. ಮೂವರೂ ಒಂದೇ ಏಟಿಗೆ ನಿಂತರು. ಸಭಾಂಗಣದಲ್ಲಿ ಒಂದು ಕ್ಷಣ ಫ್ಯಾನಿನ ಸದ್ದು ಕೇಳಿಸಿತು, ಆಮೇಲೆ ‘ಒನ್ಸ್ ಮೋರ್’ ಕೂಗು. ಡಾಕ್ಟರು ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು.

ದಾವಲ್ ಬ್ಯಾಂಡ್ ಬಿಡಲಿಲ್ಲ. ರಂಜಕ ಆಮೇಲೆ ನಾಲ್ಕನೆಯ ಸಲ ಒಡೆಯಿತು, ನಿಜ. ಅಕ್ಷತಾ ಫೋನ್ ಮಾಡಿ, ಈ ಸಲ ಇಬ್ಬರೂ ಒಬ್ಬರ ಮಾತನ್ನೊಬ್ಬರು ಪೂರ್ತಿ ಕೇಳಿಸಿಕೊಂಡೇ ಜಗಳವಾಡಿದ್ದಾರೆ, ಚಿಂತೆ ಇಲ್ಲ ಎಂದಳು. ವಾರದೊಳಗೆ ಕರದಂಟು ತಿಂದು ಒಂದಾದರು.

ಗಂಟಲು ಕೆಟ್ಟವರು ಬಂದರೆ ಏನು ತಿನ್ನುತ್ತೀರಿ, ಎಷ್ಟು ಮಾತಾಡುತ್ತೀರಿ ಎಂದು ಕೇಳಲು ನನಗೆ ಕಾಲೇಜಿನಲ್ಲಿ ಕಲಿಸಿದ್ದರು. ಯಾರ ಜೊತೆ ಮಾತಾಡುತ್ತೀರಿ ಎಂದು ಕೇಳಲು ಕಲಿಸಿದ್ದು ಈ ಕೇಸು. ದನಿ ಒಬ್ಬರ ಗಂಟಲಿನಲ್ಲಿ ಹುಟ್ಟಿದರೂ ಅದು ದುಡಿಯುವುದು ಇನ್ನೊಬ್ಬರ ಕಿವಿಗಾಗಿ. ನಿವೃತ್ತಿಗೆ ಕೆಲವೇ ದಿನ ಉಳಿದಿದ್ದಾಗ ಚೊಳಚಗುಡ್ಡದಿಂದ ಒಬ್ಬ ಗೃಹಿಣಿ ಬಂದರು. ಶಿಕ್ಷಕಿಯಲ್ಲ, ಹಾಡುವವರಲ್ಲ, ಸಂತೆಯಲ್ಲಿ ಕೂಗುವವರೂ ಅಲ್ಲ. ಆದರೂ ಗಂಟಲು ಪೂರ್ತಿ ಕಟ್ಟಿತ್ತು. ಮನೆಯಲ್ಲಿ ಯಾರಿದ್ದಾರೆ ಎಂದು ಕೇಳಿದೆ. ತಾನು ಮತ್ತು ಯಜಮಾನರು ಇಬ್ಬರೇ, ಅವರೂ ಜೊತೆಗೆ ಬಂದಿದ್ದಾರೆ ಎಂದರು. ನಾನು ಬಾಗಿಲು ತೆರೆದು, ಬೆಂಚಿನ ಮೇಲೆ ಪೇಪರ್ ಓದುತ್ತ ಕುಳಿತಿದ್ದ ಅವರನ್ನು ನೋಡಿ, “ಸ್ವಲ್ಪ ಒಳಗ ಬರ್ತೀರೇನ್ರಿ?” ಎಂದು ಕರೆದೆ.

ಯಜಮಾನರು ತಲೆ ಎತ್ತದೆ ನಿಧಾನವಾಗಿ ಪುಟ ತಿರುವಿದರು.