ಗೊತ್ತಿಲ್ಲ ಎನ್ನದ ಮನುಷ್ಯ

ಐಸಿಯುನಿಂದ ವಾರ್ಡಿಗೆ ತಂದ ಮರುದಿನ, ಬೆಳಗ್ಗೆ ಏನು ತಿಂದಿರಿ ಎಂದು ನರ್ಸ್ ಕೇಳಿದಳು.

"ಅಕ್ಕಿ ರೊಟ್ಟಿ, ಹುಚ್ಚೆಳ್ಳು ಚಟ್ನಿ. ನಮ್ಮ ಮನೆಯೋಳು ಮಾಡಿದ್ದು. ಎರಡು ಸಾಕು ಅಂದ್ರೂ ಬಿಡ್ಲಿಲ್ಲ, ಇನ್ನೊಂದು ಹಾಕಿದ್ಲು," ಎಂದರು ನನ್ನ ಗಂಡ.

ಅವರ ಮೂಗಿನಲ್ಲಿ ಪೈಪ್ ಇತ್ತು. ಅಪಘಾತವಾದಾಗಿನಿಂದ ಒಂದು ತುತ್ತೂ ಬಾಯಿಗೆ ಹೋಗಿರಲಿಲ್ಲ.

ನಾನು ನಕ್ಕುಬಿಟ್ಟೆ. ಹಳೇ ಚಾಳಿ ವಾಪಸ್ ಬಂದಿದೆ, ಇನ್ನು ಹುಷಾರಾಗುತ್ತಾರೆ ಎಂದುಕೊಂಡೆ. ಯಾಕೆಂದರೆ ಇವರು, ರುದ್ರೇಶ್, ಹಳೇಬೀಡಿನ ದೇವಸ್ಥಾನದಲ್ಲಿ ಗೈಡು. ಮಾತೇ ಬಂಡವಾಳ. ಪ್ರವಾಸಿಗರು ಏನೇ ಕೇಳಲಿ, ಗೊತ್ತಿಲ್ಲ ಎಂದವರಲ್ಲ. "ಗೊತ್ತಿಲ್ಲ ಅಂದ ಗೈಡೂ ಉಪ್ಪಿಲ್ಲದ ಸಾರೂ ಒಂದೇ ಕಣೇ" ಎನ್ನುತ್ತಿದ್ದರು. ಯಾವುದೋ ಗೋಡೆಯ ಮೂಲೆಯ ಗೊಂಬೆಗೂ ಹೆಸರಿಟ್ಟು, ಗಂಡನನ್ನು ಹುಡುಕಿ, ಜಗಳ ಹಚ್ಚಿ ಕಳಿಸುತ್ತಿದ್ದರು. ಮದುವೆಯಾದಾಗಿನಿಂದ ಇವರ ಮಾತಿನಲ್ಲಿ ಅರ್ಧ ಕಳೆದು ಉಳಿದದ್ದನ್ನು ನಂಬುವುದು ನನಗೆ ಅಭ್ಯಾಸವಾಗಿತ್ತು.

ನ್ಯೂರೋ ಡಾಕ್ಟರು ಮಾತ್ರ ನಗಲಿಲ್ಲ. ಸ್ಕ್ಯಾನ್ ಎತ್ತಿ ಹಿಡಿದು ಹಣೆಯ ಹಿಂದಿನ ಭಾಗ ತೋರಿಸಿದರು.

"ಪೆಟ್ಟು ಬಿದ್ದಿರೋದು ಇಲ್ಲಿ. ಇವರು ಸುಳ್ಳು ಹೇಳ್ತಿಲ್ಲಮ್ಮ. ನೆನಪು ಎಲ್ಲಿ ಖಾಲಿ ಇದೆಯೋ ಅಲ್ಲಿ ಮೆದುಳೇ ಏನೋ ಒಂದು ತುಂಬಿಸುತ್ತೆ. ಅವರಿಗೆ ಅದು ನಿಜ."

ಆಗಲೂ ನನಗೆ ಪೂರ್ತಿ ಅರ್ಥವಾಗಲಿಲ್ಲ. ಅರ್ಥವಾಗುವಷ್ಟರಲ್ಲಿ ಪೊಲೀಸರು ಬಂದು ಹೇಳಿಕೆ ಬರೆದುಕೊಂಡು ಹೋಗಿದ್ದರು. ನಾನು ಔಷಧಿ ತರಲು ಕೆಳಗೆ ಹೋಗಿದ್ದೆ.

ನಡೆದದ್ದು ಇಷ್ಟು. ಮಾದಿಹಳ್ಳಿಯಲ್ಲಿ ಬಸ್ಸಿಳಿದು ರಸ್ತೆ ಬದಿಯಲ್ಲಿ ನಡೆದು ಹೋಗುತ್ತಿದ್ದ ಇವರಿಗೆ ಹಿಂದಿನಿಂದ ಕಾರು ಗುದ್ದಿತ್ತು. ಡೈರಿಗೆ ಹಾಲು ಹಾಕಲು ಹೊರಟಿದ್ದ ಗಂಗಮ್ಮ ಅದನ್ನು ಕಣ್ಣಾರೆ ಕಂಡಿದ್ದರು. ನನ್ನ ಗಂಡ ಪೊಲೀಸರಿಗೆ ಹೇಳಿದ್ದೇ ಬೇರೆ. ಬೈಕಿನಲ್ಲಿ ಬರುತ್ತಿದ್ದರಂತೆ. ಹಿಂದೆ ಫ್ರಾನ್ಸ್ ದೇಶದವನೊಬ್ಬ ಕೂತಿದ್ದನಂತೆ. ನಾಯಿ ಅಡ್ಡ ಬಂದು ತಾವೇ ಬಿದ್ದರಂತೆ.

ನಮ್ಮಲ್ಲಿ ಬೈಕೇ ಇಲ್ಲ.

ಪರಿಹಾರಕ್ಕೆಂದು ಬೇಲೂರಿನ ಕೋರ್ಟಿನಲ್ಲಿ ಕೇಸು ಹಾಕಿದಾಗ ಕಾರಿನ ಕಡೆಯವರು ಹಿಡಿದುಕೊಂಡದ್ದು ಈ ಮಾತನ್ನೇ. ತಾನೇ ಬಿದ್ದು ಈಗ ಕಾರಿನ ಮೇಲೆ ಹಾಕುತ್ತಿದ್ದಾನೆ, ನೋಡಿ ಹೇಗೆ ನಡೆದಾಡುತ್ತಾನೆ, ಹೇಗೆ ಮಾತಾಡುತ್ತಾನೆ, ಇವನಿಗೇನಾಗಿದೆ ಎಂದರು. ಅದೇ ಕಷ್ಟ. ಕಾಲು ಮುರಿದಿದ್ದರೆ ಕೋಲು ಕಾಣುತ್ತಿತ್ತು. ಇವರು ಇಸ್ತ್ರಿ ಅಂಗಿ ಹಾಕಿ, ತಲೆ ಬಾಚಿ, ಎದುರಿಗೆ ಬಂದವರನ್ನೆಲ್ಲ ಕ್ಷೇಮವೇ ಎಂದು ವಿಚಾರಿಸುತ್ತಿದ್ದರು. ಹಾಲು ಒಲೆಯ ಮೇಲಿಟ್ಟು ಮರೆಯುವುದು, ಬಚ್ಚಲಿಗೆ ಹೋದವರು ಯಾಕೆ ಬಂದೆ ಎಂದು ನಿಂತುಬಿಡುವುದು, ಸುಮ್ಮಸುಮ್ಮನೆ ರೇಗುವುದು, ಇವನ್ನು ಕಂಡವಳು ನಾನೊಬ್ಬಳೇ. ಕೇಸು ಸೋತರೆ ಚಿಕಿತ್ಸೆ ನಿಲ್ಲುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಊರ ಬಾಯಲ್ಲಿ ಇವರು ಸುಳ್ಳುಗಾರರಾಗುತ್ತಿದ್ದರು.

ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡುವ ನನ್ನ ಅಣ್ಣ ಬಂದು ಸುಲಭದ ದಾರಿ ಹೇಳಿದ.

"ಭಾವನಿಗೆ ಬಾಯಿಪಾಠ ಹೊಸದೇನಮ್ಮ? ನಡೆದದ್ದನ್ನ ನೀನೇ ಹೇಳಿಕೊಡು. ದೇವಸ್ಥಾನದಾಗೆ ಒಪ್ಪಿಸ್ದಂಗೆ ಕೋರ್ಟ್‌ನಾಗೂ ಒಪ್ಪಿಸ್ತಾರೆ."

ನನಗೂ ಸರಿ ಎನಿಸಿತ್ತು. ಉಚಿತ ಕಾನೂನು ನೆರವಿನಲ್ಲಿ ನಮಗೆ ಸಿಕ್ಕ ವಕೀಲರು, ಶೈಲಜಾ ಮೇಡಂ, ತಲೆ ಅಲ್ಲಾಡಿಸಿದರು.

"ಅವರಿಗೆ ಒಂದು ಹೇಳಿಕೊಟ್ರೆ ಅವರು ನಾಲ್ಕು ಸೇರಿಸ್ತಾರೆ ಗಿರಿಜಮ್ಮ. ಎದುರು ವಕೀಲರಿಗೆ ಬೇಕಾಗಿರೋದೂ ಅದೇ. ನಡೆದದ್ದನ್ನ ಗಂಗಮ್ಮ ಹೇಳಲಿ. ತಲೆಯ ವಿಚಾರ ಡಾಕ್ಟರು ಹೇಳಲಿ. ಇವರು ಗೊತ್ತಿರೋದನ್ನ ಹೇಳಲಿ, ಇಲ್ಲದ್ದನ್ನ ನೆನಪಿಲ್ಲ ಅನ್ನಲಿ. ಅಷ್ಟನ್ನ ರೂಢಿ ಮಾಡಿಸಿ."

ಅಷ್ಟೇ. ಜನ್ಮದಲ್ಲಿ ಆಡದ ಮಾತನ್ನು ಆ ಬಾಯಿಂದ ಆಡಿಸಬೇಕಿತ್ತು.

ಊಟಕ್ಕೆ ಕೂತಾಗ ಕೇಳುತ್ತಿದ್ದೆ, ನಿನ್ನೆ ಮನೆಗೆ ಯಾರು ಬಂದಿದ್ದರು? ಥಟ್ಟನೆ ಒಂದು ಹೆಸರು ಬರುತ್ತಿತ್ತು, ಅದರ ಹಿಂದೆ ಬಂದವರು ಉಟ್ಟಿದ್ದ ಪಂಚೆ, ಕುಡಿದ ಕಾಫಿ. "ಇದು ಕಂಡದ್ದಾ, ಕಟ್ಟಿದ್ದಾ?" ಎನ್ನುತ್ತಿದ್ದೆ. ಮೊದಮೊದಲು ನಕ್ಕರು. ಆಮೇಲೆ ರೇಗಿದರು. ಒಮ್ಮೆ ನೀರಿನ ಲೋಟ ಗೋಡೆಗೆ ಬೀಸಿದರು.

"ನನ್ನ ಬಾಯಲ್ಲಿ ಗೊತ್ತಿಲ್ಲ ಅನ್ನಿಸಿ ನಿಂಗೇನು ಬರಬೇಕಾಗೈತೆ?"

ನಾನು ಒಳಗೆ ಹೋಗಿ ಅತ್ತೆ. ಕಣ್ಣೊರೆಸಿಕೊಂಡು ಬಂದು ಮತ್ತೆ ಅದನ್ನೇ ಕೇಳಿದೆ.

ಒಂದು ವಿಷಯಕ್ಕೆ ಮಾತ್ರ ಈ ಪ್ರಶ್ನೆ ಹಾಕುತ್ತಿರಲಿಲ್ಲ. ನಾವು ಮೊದಲು ಭೇಟಿಯಾದದ್ದು ಮಾಲೇಕಲ್ಲಿನ ಬೆಟ್ಟದ ಮೆಟ್ಟಿಲ ಮೇಲೆ. ಪೆಟ್ಟಾದ ಮೇಲೆ ಆ ಕಥೆ ದಿನಕ್ಕೊಂದು ವೇಷ ಹಾಕುತ್ತಿತ್ತು. ಒಂದು ದಿನ ನನ್ನನ್ನು ಕೋತಿಗಳಿಂದ ಕಾಪಾಡಿರುತ್ತಿದ್ದರು. ಇನ್ನೊಂದು ದಿನ ನಾನು ತಲೆ ಸುತ್ತಿ ಬಿದ್ದು, ಅವರು ಹೊತ್ತುಕೊಂಡೇ ಬೆಟ್ಟ ಹತ್ತಿರುತ್ತಿದ್ದರು. ನಾನು ತಿದ್ದಲಿಲ್ಲ. ಎಲ್ಲದರಲ್ಲೂ ನಾನಿದ್ದೆನಲ್ಲ, ಅಷ್ಟು ಸಾಕಿತ್ತು.

ಕಾರಿನ ಕಡೆಯವರು ಇವರನ್ನೇ ವಿಚಾರಿಸಬೇಕೆಂದು ಪಟ್ಟು ಹಿಡಿದರು. ಶೈಲಜಾ ಮೇಡಂ ನ್ಯಾಯಾಧೀಶರಲ್ಲಿ ಕೇಳಿಕೊಂಡರು. ಪ್ರಶ್ನೆ ಚಿಕ್ಕದಿರಲಿ, ಒಂದೊಂದೇ ಬರಲಿ, ಉತ್ತರಕ್ಕೆ ಸಮಯ ಸಿಗಲಿ, ಹೆಂಡತಿ ಕಾಣುವ ಹಾಗೆ ಕೂರಲಿ. ನ್ಯಾಯಾಧೀಶರು ಒಪ್ಪಿದರು. ಹೀಗೆ ಕೇಳಬಹುದು ಎಂಬುದೇ ನನಗೆ ತಿಳಿದಿರಲಿಲ್ಲ.

ಗಂಗಮ್ಮ ಮೊದಲೇ ಬಂದು, "ನಾ ಕಂಡಿದ್ದ ಹೇಳಕ್ಕೆ ನಂಗ್ಯಾರ ಭಯ" ಎನ್ನುತ್ತಲೇ ಹೇಳಿಹೋಗಿದ್ದರು. ಇವರ ಸರದಿ ಬಂತು. ಎದುರು ವಕೀಲರು ಜಾಣರು, ಬೆಣ್ಣೆ ಹಚ್ಚುತ್ತಲೇ ಶುರು ಮಾಡಿದರು.

"ರುದ್ರೇಶ್ ಅವರೇ, ನೀವು ಹಳೇಬೀಡಿಗೇ ಹೆಸರಾದ ಗೈಡ್ ಅಲ್ವಾ? ನಿಮಗೆ ಗೊತ್ತಿಲ್ಲದ್ದೇ ಇಲ್ಲವಂತೆ."

ಇವರ ಬೆನ್ನು ನೆಟ್ಟಗಾಯಿತು. ಆ ನಿಲುವು ನನಗೆ ಗೊತ್ತು. ಒಂದು ಕಾಲು ಮುಂದಿಟ್ಟು, ದೇವಸ್ಥಾನದ ಗೋಡೆಯ ಆನೆಸಾಲು ತೋರಿಸಲು ಬಲಗೈ ಎತ್ತುವ ನಿಲುವು.

"ಆ ದಿನ ಬೈಕಿನಲ್ಲಿ ಎಲ್ಲಿಂದ ಬರ್ತಿದ್ರಿ?"

ಬಲಗೈ ಮೇಲೆದ್ದಿತು. ಬಾಯಿ ತೆರೆಯಿತು. ಕೈ ಹಾಗೇ ನಿಂತಿತು. ಅದು ಬೇರೆ ಯಾರದೋ ಕೈ ಎಂಬಂತೆ ಅದನ್ನೇ ನೋಡಿದರು. ಮೆಲ್ಲಗೆ ಇಳಿಸಿದರು.

"ನನಗೆ ನೆನಪಿಲ್ಲ, ಸ್ವಾಮಿ."

ನ್ಯಾಯಾಧೀಶರು ತಾವೇ ಬಾಗಿ ಕೇಳಿದರು. "ನಿಮಗೆ ಬೈಕ್ ಇದೆಯಾ?"

"ಅದೂ ನೆನಪಿಲ್ಲ ಸ್ವಾಮಿ. ಒಳಗೆ ಹುಡುಕಿದ್ರೆ ಸಿಗ್ತಾ ಇಲ್ಲ."

ನಾವು ಗೆಲ್ಲುತ್ತಿದ್ದೆವು. ಶೈಲಜಾ ಮೇಡಂ ನನ್ನ ಕಡೆ ನೋಡಿ ತಲೆದೂಗಿದರು. ಅಷ್ಟು ಜನರ ನಡುವೆ ನನ್ನ ಗಂಡ ತಲೆ ತಗ್ಗಿಸಿ ನಿಂತದ್ದನ್ನು ನಾನು ಮೊದಲ ಸಲ ನೋಡಿದೆ. ಸೆರಗು ಬಾಯಿಗೆ ಒತ್ತಿಕೊಂಡೆ.

ತಿಂಗಳುಗಳ ನಂತರ ತೀರ್ಪು ನಮ್ಮ ಕಡೆಗೇ ಬಂತು. ಆಸ್ಪತ್ರೆಯ ಹೇಳಿಕೆಯನ್ನು ಪೆಟ್ಟಾದ ತಲೆಯ ಮಾತೆಂದು ಕೋರ್ಟು ಒಪ್ಪಿತು. ಚಿಕಿತ್ಸೆ ಮುಂದುವರಿದಿದೆ. ನಂಬಿದವರಿಗೆಲ್ಲ ಕೈ ಮುಗಿಯುತ್ತೇನೆ.

ತೀರ್ಪು ಬಂದ ಸಂಜೆ, ಖುಷಿಗೆಂದು ನಾನೇ ಕೆದಕಿದೆ. "ಮಾಲೇಕಲ್ಲಿನ ಕಥೆ ಹೇಳಿ. ಇವತ್ತು ಕೋತಿಯೋ, ತಲೆಸುತ್ತೋ?"

ಅವರು ಎತ್ತಿದ ಬಲಗೈ ಮೆಲ್ಲಗೆ ಇಳಿಸಿದರು.

"ನೆನಪಿಲ್ಲ."

ಕೋರ್ಟಿನಲ್ಲಿ ಹೇಳಿದ ಹಾಗೆಯೇ, ನಿಧಾನವಾಗಿ, ಮರ್ಯಾದೆಯಿಂದ. ನಾನು ಕಲಿಸಿದ ಪಾಠ ನನಗೇ ಒಪ್ಪಿಸಿದರು. ಮುಖ ತಿರುಗಿಸಿ ದೀಪದ ಬತ್ತಿ ಸರಿಮಾಡಿದೆ.

"ನಿಂಗೆ ಗೊತ್ತಿದ್ರೆ ನೀನೇ ಹೇಳು," ಎಂದರು.

ಹೇಳಿದೆ. ನಾನು ಏದುಸಿರು ಬಿಡುತ್ತಾ ಮೆಟ್ಟಿಲ ಮೇಲೆ ಕುಸಿದು ಕೂತದ್ದು. ಇಳಿದು ಬರುತ್ತಿದ್ದ ಒಬ್ಬ ಸಣಕಲ ನಿಂತು, "ಇನ್ನೊಂದೇ ತಿರುವು ಕಣ್ರೀ" ಎಂದು ನನ್ನ ಜೊತೆಗೇ ಮತ್ತೆ ಮೇಲೆ ಹತ್ತಿದ್ದು. ಪ್ರತಿ ತಿರುವಿನಲ್ಲೂ ಅದನ್ನೇ ಹೇಳಿದ್ದು. ಕೋತಿಯೂ ಇಲ್ಲ, ತಲೆಸುತ್ತೂ ಇಲ್ಲ. ಅವರು ಪ್ರವಾಸಿಗರಂತೆ ಕಣ್ಣರಳಿಸಿ ಕೇಳಿದರು.

"ಆಮೇಲೆ?"

"ಆಮೇಲೆ ಮದುವೆಯಾದ್ವಿ."

"ನಾವಿಬ್ಬರಾ?"

"ಹೂಂ. ನಾವಿಬ್ಬರೇ."

ನನ್ನ ಮುಖ ನೋಡಿದರು.

"ಒಳ್ಳೇದಾಯ್ತು," ಎಂದರು.

ಆ ಮಾತನ್ನು ನಾನು ಹೇಳಿಕೊಟ್ಟಿರಲಿಲ್ಲ.