ಬಾವಿ ಕಾಯ್ದ ಬಾಯಾರು

ಮೊನ್ನೆ ಹುಬ್ಬಳ್ಳಿಯ ಅಂಗಡಿಯೊಂದರ ಮುಂದೆ ನಾರಿನ ಹಗ್ಗದ ಸುರುಳಿ ಮಳೆಗೆ ನೆನೆಯುತ್ತ ಬಿದ್ದಿತ್ತು. ಬಾವಿಯ ಹಗ್ಗದ್ದೇ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಧಾರವಾಡದ ಬೋರ್ಡಿಂಗ್ ಬಾಯಾರು ನೆನಪಾದರು.

ತೊಂಬತ್ತರ ದಶಕದ ಕೊನೆ. ಗರಗದಿಂದ ಮದುವೆಯಾಗಿ ಬಂದ ನಾನು ಧಾರವಾಡದ ಬಾಡಿಗೆ ಮನೆಯಲ್ಲಿದ್ದೆ. ನಮ್ಮ ಓಣಿಯ ತುದಿಗೆ ಕ್ರೈಸ್ತ ಸಭೆಯವರ ಕಾಂಪೌಂಡು. ಅದರೊಳಗೆ ಬಡ ಹುಡುಗಿಯರ ಬೋರ್ಡಿಂಗು ಮತ್ತು ಒಂದು ಹಳೆಯ ಬಾವಿ. ಎರಡನ್ನೂ ನೋಡಿಕೊಳ್ಳುತ್ತಿದ್ದ ಹೆಂಗಸನ್ನು ಎಲ್ಲರೂ ಗೌರವದಿಂದ ಬಾಯಾರು ಅನ್ನುತ್ತಿದ್ದರು. ಗಂಡ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಅಲ್ಲಿಯೇ ಒಂದು ಕೋಣೆಯಲ್ಲಿ ಅವರ ವಾಸ.

ಆ ಬೇಸಿಗೆ ನಳದ ನೀರು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಬಾಯಾರು ಸಭೆಯ ಹಿರಿಯರನ್ನು ಕೇಳಿ ಬಾವಿಯನ್ನು ಓಣಿಗೂ ತೆರೆದರು. ಮೊದಲು ಹುಡುಗಿಯರಿಗೆ, ಆಮೇಲೆ ಮನೆಗೆ ಎರಡೇ ಕೊಡ. ಜಾತಿ ಕೇಳಲಿಲ್ಲ. ತಮ್ಮ ಕೊಡ ಮುಳುಗಿಸುತ್ತಿದ್ದದ್ದು ಎಲ್ಲರದೂ ಆದ ಮೇಲೆ.

ಒಮ್ಮೆ ನೆಂಟರು ಬಂದರೆಂದು ನಾನು ಇನ್ನೊಂದು ಕೊಡ ಕೇಳಿದೆ.

"ಬಾವ್ಯಾಗಿಂದು ಕೊಡಾಕ ಬರಂಗಿಲ್ಲ ತಂಗಿ" ಎಂದುಬಿಟ್ಟರು.

ನನಗೆ ಸಿಟ್ಟು ಬಂತು. ಸಂಜೆ ನೋಡಿದರೆ, ತಮ್ಮ ಪಾಲಿನ ಕೊಡ ಹೊತ್ತು ನನ್ನ ಹೊಸ್ತಿಲ ಮುಂದೆ ನಿಂತಿದ್ದಾರೆ! ನಾಚಿಕೆಯಾಗಿ, ಹೀಗ್ಯಾಕೆ ಎಂದು ಕೇಳಿದೆ.

"ನಮ್ಮ ಬೈಬಲ್‌ನ್ಯಾಗ ಮನೆವಾರ್ತೆಯವ ಅಂತ ಒಬ್ಬಾಂವ ಬರತಾನ. ಧಣಿ ಊರಿಗೆ ಹೋದಾಗ ಮನಿ ನೋಡ್ಕೊಳ್ಳಾಂವ. ಎಲ್ಲಾರಿಗೂ ಹೊತ್ತಿಗೆ ಸರಿಯಾಗಿ ಉಣ್ಣಾಕ ಕೊಡೂದು ಅವನ ಕೆಲಸ. ಧಣಿ ಇಲ್ಲಂತ ತಾನ ಧಣಿ ಆಗಬಾರದು, ನೋಡು."

ಆಮೇಲೆ ಆ ಬೆಳಿಗ್ಗೆ... ಸಭೆಯ ಹಿರಿಯರೊಬ್ಬರು ಟ್ಯಾಂಕರ್ ತಂದು ನಿಲ್ಲಿಸಿದರು. ಅವರು ಮನೆ ಕಟ್ಟಿಸುತ್ತಿದ್ದರು, ಅದಕ್ಕೆ ನೀರು ಬೇಕಿತ್ತು. ಮೋಟಾರು ಹಚ್ಚಿ ಎಳೆದರೆ ಬಾವಿಯ ತಳ ಕಾಣುತ್ತಿತ್ತು. ಮತ್ತೆ ನೀರೂರಲು ಎರಡು ದಿನ. ಬಾಯಾರು ಬಾವಿಯ ಜಾಲರಿಗೆ ಬೀಗ ಜಡಿದು ಕಟ್ಟೆಯ ಮೇಲೆ ಕುಳಿತರು.

"ಬಾವಿ ಏನು ನಿಮ್ಮದೇನು?" ಹಿರಿಯರು ಗುಡುಗಿದರು.

"ನಂದಾಗಿದ್ರ ಕೊಡತಿದ್ದೆರಿ. ನಂದಲ್ಲ, ಅದಕ್ಕ ಕೊಡಾಕ ಬರಂಗಿಲ್ಲ."

"ನಿಮ್ಮ ನೌಕರಿ ನನ್ನ ಕೈಯಾಗೈತಿ, ನೆನಪಿರಲಿ."

"ಇರ್ಲಿರಿ. ಹುಡುಗ್ಯಾರ ನೀರು ನನ್ನ ಕೈಯಾಗೈತಿ."

ಕೊಡ ಹಿಡಿದ ಹತ್ತು ಹದಿನೈದು ಹೆಂಗಸರು ಅಲ್ಲಿಯೇ ಇದ್ದೆವು. ಒಬ್ಬರೂ ಬಾಯಿ ಬಿಡಲಿಲ್ಲ. ನಾನೂ... ಬಿಸಿಲು ನೆತ್ತಿಗೇರಿದರೂ ಬಾಯಾರು ಏಳಲಿಲ್ಲ. ಟ್ಯಾಂಕರ್ ಬಂದ ಹಾಗೆಯೇ ಖಾಲಿ ಹೋಯಿತು.

ಮಳೆ ಹಿಡಿದ ವಾರವೇ ಅವರನ್ನು ಕೆಲಸದಿಂದ ಬಿಡಿಸಿದರು. ಹೊಸದಾಗಿ ಬಂದಾಕೆಗೆ ಕೀಲಿಕೈ ಒಪ್ಪಿಸಿ, ಯಾವ ಹುಡುಗಿಗೆ ಪದೇ ಪದೇ ಜ್ವರ ಬರುತ್ತದೆ, ಯಾರಿಗೆ ರೊಟ್ಟಿ ಅರಗುವುದಿಲ್ಲ ಎಂದೆಲ್ಲ ತಿಳಿಸಿ, ಒಂದು ಟ್ರಂಕು ಹಿಡಿದು ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿದ್ದ ತಮ್ಮನ ಮನೆಗೆ ಹೊರಟರು. ನಾನು ಅಳುತ್ತಿದ್ದೆ. ಅವರು ಅಳಲಿಲ್ಲ.

"ಬ್ಯಾಸಗಿ ದಾಟಿಸಿದೆ, ತಂಗಿ. ಒಂದು ಹುಡುಗೀನೂ ನೀರಡಿಸಿ ಮಲಗಲಿಲ್ಲ. ಸಾಕು."

ಮೊನ್ನೆ ಅಂಗಡಿಯಿಂದ ನೇರ ಆ ಮನೆ ಹುಡುಕಿಕೊಂಡು ಹೋದೆ. ಬಾಗಿಲು ತೆಗೆದವಳು ಅವರ ತಮ್ಮನ ಸೊಸೆ. ಬಾಯಾರು ಎಲ್ಲಿ ಎಂದು ಕೇಳಿದೆ.

"ಅತ್ತಿ ತೀರಿಕೊಂಡು ಆರು ವರ್ಷ ಆತ್ರಿ" ಎಂದಳು.

ಅಲ್ಲಿಯೇ ಕುಳಿತು ಬಾವಿಯ ಮಾತೆತ್ತಿದೆ. ಆ ಸಂಗತಿ ಅವಳಿಗೆ ಗೊತ್ತೇ ಇರಲಿಲ್ಲ. ಬಾಯಾರು ಆ ಮನೆಯಲ್ಲಿ ಅದನ್ನು ಯಾರಿಗೂ ಹೇಳಿರಲಿಲ್ಲವಂತೆ. ಈ ಸಲ ಸುಮ್ಮನಿರಬಾರದು ಅನ್ನಿಸಿತು. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊದಲಿನಿಂದ ಎಲ್ಲ ಹೇಳಿದೆ... ನಾನು ಕೊಡ ಹಿಡಿದು ಸುಮ್ಮನೆ ನಿಂತದ್ದನ್ನೂ.